ಖರ್ಜಿನಲ್ಲೊಂದು ಕಾರು ಕಟ್ಟಿದ್ದು

ಇವತ್ತು ಬೆಳಿಗ್ಗೆ ಮಲ್ಪೆಯಲ್ಲಿ ದೋಣಿ ರಿಪೇರಿ ಮಾಡುವ ಶೆಡ್ಡಿನೊಳಗೆ ಕಾಲಿಟ್ಟೆನೋ ಇಲ್ಲವೋ, ಒಂದು ವಾಸನೆ ಬಂದು ಮೂಗಿಗೆ ಬಡಿಯಿತು. ಫೈಬರಿಗೆ ಬಳಿಯುವ ರೆಸಿನ್ನಿನ ವಾಸನೆ. ಅರ್ಧ ಪೇಂಟಿನಂಗಡಿ, ಅರ್ಧ ಆಸ್ಪತ್ರೆ. ಅಳಿಯನ ದೋಣಿ ಬಂಡೆಗೆ ತಾಗಿ ಹೊಟ್ಟೆ ಬಿರಿದುಕೊಂಡಿತ್ತು. ರೇಟು ಮಾತಾಡಲಿಕ್ಕೆಂದು ನನ್ನನ್ನು ಕರೆದುಕೊಂಡು ಹೋಗಿದ್ದ. ಅವನಿಗೆ ಸಮುದ್ರ ಗೊತ್ತು, ಚೌಕಾಸಿ ಗೊತ್ತಿಲ್ಲ. ನನಗೆ ಉಲ್ಟಾ.

ಆದರೆ ಆ ವಾಸನೆಯಲ್ಲಿ ನನಗೆ ಏನಾಯಿತೋ, ಶೆಡ್ಡಿನವನು ಹೇಳಿದ ಮೊದಲ ರೇಟಿಗೇ "ಆಯ್ತು" ಎಂದುಬಿಟ್ಟೆ. ಅಳಿಯ ಗಾಬರಿಯಾಗಿ ನನ್ನ ಮುಖ ನೋಡಿದ. "ಮಾವ, ಹುಷಾರುಂಟಲ್ಲ?"

ಹುಷಾರಿತ್ತು. ಆದರೆ ನಾನು ಮಲ್ಪೆಯಲ್ಲಿರಲಿಲ್ಲ, ಅಲ್ ಖರ್ಜಿನಲ್ಲಿದ್ದೆ.

ಸೌದಿಯ ರಿಯಾದಿನಿಂದ ದಕ್ಷಿಣಕ್ಕೆ ಹೋದರೆ ಸಿಗುವ ಊರು ಅದು. ಎಂಬತ್ತರ ದಶಕದಲ್ಲಿ ಅಲ್ಲಿ ಗೋಧಿ ಹೊಲ, ಡೈರಿ, ಖರ್ಜೂರದ ತೋಟ, ಊರ ಹೊರಗೆ ವರ್ಕ್‌ಶಾಪುಗಳ ದೊಡ್ಡ ಸಾಲು. ನನ್ನ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿ, ಅಬೂ ಸಾಲೆ ಎಂಬ ಮುದುಕ. ಅವನಿಗೊಂದು ತೋಟ, ಒಂದು ಸ್ಪೇರ್ ಪಾರ್ಟ್ಸ್ ಅಂಗಡಿ. ಅಂಗಡಿಯಲ್ಲಿ ರಟ್ಟಿನ ಪೆಟ್ಟಿಗೆ ಹೊರಲು ಸೇರಿದವನು ನಾನು. ಅರಬಿ ಕಲಿತೆ, ಗಿರಾಕಿಯ ಮುಖ ಓದಲು ಕಲಿತೆ, ಯಾವ ನಟ್ಟು ಯಾವ ಗಾಡಿಗೆ ಎಂದು ಕಣ್ಣು ಮುಚ್ಚಿ ಹೇಳಲು ಕಲಿತೆ. ಕೆಲವೇ ವರ್ಷಗಳಲ್ಲಿ ಗಲ್ಲಾದ ಮುಂದೆ ಕೂತೆ. ಈ ಭಾಗ ಹೇಳುವಾಗ ನನ್ನ ಎದೆ ಸ್ವಲ್ಪ ಮುಂದೆ ಬರುತ್ತದೆ, ಕ್ಷಮಿಸಿ.

ಕಷ್ಟವಿದ್ದದ್ದು ರಜೆಯ ಶುಕ್ರವಾರದಲ್ಲಿ. ಆರು ದಿನ ಮನುಷ್ಯ ಹೇಗೂ ದೂಡುತ್ತಾನೆ. ಶುಕ್ರವಾರ ಬಟ್ಟೆ ಒಗೆದಾಯಿತು, ಐಸಿನಲ್ಲಿಟ್ಟ ಬಂಗುಡೆಯ ಸಾರು ಮಾಡಿ ಉಂಡಾಯಿತು, ಊರಿನಿಂದ ಬಂದ ಕ್ಯಾಸೆಟ್ಟು ಹಾಕಿ ಮನೆಯವಳ ಸ್ವರ ಕೇಳಿಯೂ ಆಯಿತು. ಆಮೇಲೆ? ತೋಟದ ಅಂಚಿನ ನನ್ನ ಕೋಣೆಯ ಹೊರಗೆ ನೀರೆತ್ತುವ ಪಂಪು ಟಕಟಕ ಎನ್ನುತ್ತಿತ್ತು. ಅದು ನಿಂತರೆ ಕಿವಿಯೇ ಹೋದ ಹಾಗೆ. ಎಷ್ಟೋ ಸಲ, ಯಾರೂ ಕೇಳದಿದ್ದರೂ, ಆಗುವ ಕೆಲಸವೇನೂ ಇಲ್ಲದಿದ್ದರೂ, ಅಂಗಡಿ ತೆರೆದು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕುತ್ತ ಕೂತಿದ್ದೇನೆ. ಒಂಟಿಯಾಗಿರುವವರಿಗೆ ನನ್ನದೊಂದು ಸಲಹೆ: ಕೈಗೆ ಬೇಗ ಮುಗಿಯದ ಕೆಲಸ ಕೊಡಿ. ಮುಗಿಯುವ ಕೆಲಸ ಮೋಸ ಮಾಡುತ್ತದೆ.

ಅಂಥ ಕೆಲಸ ನನಗೆ ಒಬ್ಬ ಇಂಗ್ಲಿಷಿನವನ ಮನೆಯಲ್ಲಿ ಸಿಕ್ಕಿತು. ಡೈರಿಯಲ್ಲಿ ಇಂಜಿನಿಯರಾಗಿದ್ದವನು, ಊರಿಗೆ ಹೊರಟಿದ್ದ, ಮನೆ ಸಾಮಾನು ಮಾರುತ್ತಿದ್ದ. ಹಿತ್ತಲಲ್ಲಿ ಟಾರ್ಪಾಲಿನಡಿ ಏನೋ ಉಬ್ಬಿಕೊಂಡಿತ್ತು. ಎತ್ತಿ ನೋಡಿದರೆ ಕಾರಿನ ಮೈ! ಬರೀ ಫೈಬರಿನ ಮೈ, ಚಕ್ರವಿಲ್ಲ, ಇಂಜಿನ್ನಿಲ್ಲ. ತೆಳ್ಳಗೆ, ತಗ್ಗಾಗಿ, ಪೆನ್ಸಿಲ್ ಚೂಪು ಮಾಡಿದಂಥ ಮೂತಿ. ಹಳೆಯ ಯಾವುದಾದರೂ ಕಾರಿನ ಚಾಸಿಯ ಮೇಲೆ ಕೂರಿಸಿಕೊಂಡು ಮನೆಯಲ್ಲೇ ಹೊಸ ಕಾರು ಕಟ್ಟುವ ಹುಚ್ಚು ಅವರ ದೇಶದಲ್ಲಿ ಉಂಟಂತೆ. ತಂದಿದ್ದ, ಕಟ್ಟಲಾಗಲಿಲ್ಲ.

ನೋಡಿ, ಬೇಕಾದ ವಸ್ತುವಿನ ಕಡೆ ಎರಡನೇ ಸಲ ನೋಡಬಾರದು. ನಾನು ಅವನ ಫ್ರಿಜ್ಜಿನ ಬಾಗಿಲು ತೆರೆದೆ, ಮುಚ್ಚಿದೆ, ಹಿಂದೆ ಹೋಗಿ ಕಿವಿಯಿಟ್ಟೆ, ತಲೆ ಅಲ್ಲಾಡಿಸಿದೆ. ಅದರ ಮೇಲೆಯೇ ಅರ್ಧ ಬೆಳಗು ಜಗ್ಗಾಡಿದೆ. ಕೊನೆಗೆ ಹೊರಡುವಾಗ, "ಆ ಟಾರ್ಪಾಲಿನಡಿಯದ್ದು ನಿಮಗೆ ಭಾರವೇ ಅಲ್ಲವೇ? ಕೋಳಿಗೂಡಿಗಾದೀತು," ಎಂದೆ. ಅವನಿಗೆ ನೋವಾಯಿತು, ಮುಖದಲ್ಲಿ ಕಂಡಿತು. ಆದರೂ ಫ್ರಿಜ್ಜಿನ ಜೊತೆ ಕೊಟ್ಟುಬಿಟ್ಟ. ಪಿಕಪ್ಪಿನಲ್ಲಿ ಅದನ್ನು ಕಟ್ಟಿಕೊಂಡು ಬರುವಾಗ ನನ್ನಷ್ಟು ಜಾಣ ಸೌದಿಯಲ್ಲೇ ಇಲ್ಲ ಎಂದು ನನಗೆ ಅನಿಸಿತ್ತು.

ಚಾಸಿ ತೋಟದಲ್ಲೇ ಇತ್ತು. ಆಮೆಬೆನ್ನಿನ ಹಳೆಯ ಜರ್ಮನ್ ಕಾರೊಂದು ಆಡಿನ ಹಟ್ಟಿಯ ಹಿಂದೆ ಬಿದ್ದಿತ್ತು. ಅದರ ಇಂಜಿನ್ನು ಹಿಂದೆ, ತಂಪಾಗಲು ಗಾಳಿ ಸಾಕು, ನೀರು ಬೇಡ. ಅಬೂ ಸಾಲೆಯನ್ನು ಕೇಳಿದೆ. ಮುದುಕ ಗಡ್ಡ ನೀವಿಕೊಂಡು ನಕ್ಕ. "ತಗೋ. ತೋಟದೊಳಗೆ ಎಷ್ಟು ಬೇಕಾದರೂ ಓಡಿಸು. ಡಾಂಬರು ರಸ್ತೆಗೆ ತಂದರೆ ಪೊಲೀಸರಿಗೆ ನಾನು ನಿನ್ನನ್ನು ಕಂಡೇ ಇಲ್ಲ ಅಂತೇನೆ."

ಒಬ್ಬನಿಂದಾಗುವ ಕೆಲಸವಲ್ಲ. ಪಕ್ಕದ ವರ್ಕ್‌ಶಾಪಿನಲ್ಲಿ ವೆಲ್ಡಿಂಗು, ಡೆಂಟಿಂಗು ಮಾಡುವ ಉಸ್ಮಾನಾಕ ಇದ್ದರು. ಪಾಣೆಮಂಗಳೂರಿನ ಬ್ಯಾರಿ, ನನಗಿಂತ ಸ್ವಲ್ಪ ಹಿರಿಯರು, ಬಾಯಿಗೆ ಬೀಗವಿಲ್ಲ. ಫೈಬರಿನ ಮೈಯನ್ನು ಬೆರಳಲ್ಲಿ ಟೊಣ್ ಎಂದು ತಟ್ಟಿ ನೋಡಿದರು.

"ಶೆಟ್ರೇ, ಇದು ಕಾರಾ ಸೋಪಿನ ಪೆಟ್ಟಿಗೆಯಾ?"

"ಕಟ್ಟಿದ ಮೇಲೆ ಕಾರು."

"ನಿಮ್ಗೆ ಮರ್ಲುಂಟು ಮಾರಾಯ್ರೆ. ಶುಕ್ರವಾರ ಎಷ್ಟು ಗಂಟೆಗೆ ಬರ್ಬೇಕು?"

ಹಾಗೆ ಶುರುವಾಯಿತು. ಪಂಪಿನ ಶೆಡ್ಡೇ ನಮ್ಮ ಕಾರ್ಖಾನೆ. ಹಳೆಯ ಮೈಯನ್ನು ಚಾಸಿಗೆ ಹಿಡಿದಿದ್ದ ಬೋಲ್ಟುಗಳು ತುಕ್ಕು ತಿಂದು ಒಂದಾಗಿಹೋಗಿದ್ದವು. ವಾರವಿಡೀ ಡೀಸೆಲ್ ಕುಡಿಸಿ, ಬಗ್ಗದ್ದನ್ನು ಉಸ್ಮಾನಾಕ ಬೈದು ಬೈದು ಕತ್ತರಿಸಿದರು. ಬ್ಯಾಟರಿ ಕೂರುವಲ್ಲಿ ತಳ ಜಾಳಾಗಿತ್ತು. ತಗಡು ಹಾಕಿ ಬೆಸೆದರು. ಹೊಸ ಮೈ ಇಳಿಸಿದರೆ ಒಂದು ತೂತಿಗೂ ಒಂದು ತೂತು ಕೂಡಿ ಬರಲಿಲ್ಲ. ಸೀಟು, ದೀಪ, ವಯರು ಎಲ್ಲ ಗುಜರಿಯಿಂದ ಹೆಕ್ಕಿ ತಂದೆ. ರೆಸಿನ್ನಿನದ್ದಂತೂ ದೊಡ್ಡ ಕಥೆ. ಅದಕ್ಕೆ ಗಟ್ಟಿಯಾಗುವ ಔಷಧಿ ಬೆರೆಸಿ, ಬಿರುಕಿಗೆ ಬಳಿಯುವಷ್ಟರಲ್ಲಿ ಆ ಬಿಸಿಲಿಗೆ ಡಬ್ಬಿಯಲ್ಲೇ ಕಲ್ಲಾಗುತ್ತಿತ್ತು. ಆಮೇಲೆ ಬಿಸಿಲೇರುವ ಮೊದಲೇ ಬಳಿಯಲು ಕಲಿತೆವು. ಫೈಬರಿನ ಪುಡಿ ಮೈಗೆ ಹತ್ತಿದರೆ ಎರಡು ದಿನ ತುರಿಕೆ. ಆ ತುರಿಕೆಯೂ ಒಂದು ಸಂಗಾತಿಯೇ; ಇಬ್ಬರೂ ಒಟ್ಟಿಗೆ ಕೂತು ಕೆರೆದುಕೊಳ್ಳುತ್ತಿದ್ದೆವು.

ಈ ಕಾರು ಯಾರಿಗೆ ಎಂದು ನೀವು ಕೇಳಲಿಲ್ಲ. ಮನೆಯವಳಿಗೂ ಮಗಳು ಶೋಭಾಳಿಗೂ. ಅವರನ್ನು ವಿಸಿಟ್ ವೀಸಾದಲ್ಲಿ ಕರೆಸುವುದೆಂದು ಠರಾವಾಗಿತ್ತು. ಶೋಭಾ ನನ್ನ ಹಿಂದಿನ ರಜೆಯಲ್ಲಿ ನನ್ನ ಹೆಗಲ ಮೇಲೆಯೇ ನಿದ್ದೆ ಹೋಗುತ್ತಿದ್ದ ಕೂಸು. ಆಮೇಲೆ ಅಂಗಡಿ ನನ್ನ ಕೈಗೆ ಬಂದು, ರಜೆ ಮುಂದಿನ ವರ್ಷಕ್ಕೆ, ಅದರ ಮುಂದಿನ ವರ್ಷಕ್ಕೆ ಎಂದು ಜಾರುತ್ತ ಹೋಯಿತು. ಅವಳಿಗೆ ನನ್ನ ನೆನಪಿರಲಾರದು ಎಂಬ ಹೆದರಿಕೆ ನನಗಿತ್ತು. ಯಾರ ಹತ್ತಿರವೂ ಹೇಳಿರಲಿಲ್ಲ. ಈ ಕಾರಿನಲ್ಲಿ ಒಂದು ಸುತ್ತು ಹಾಕಿಸಿದರೆ, ಯಾರ ಅಪ್ಪನೂ ಮಾಡದ್ದನ್ನು ನನ್ನಪ್ಪ ಮಾಡಿದ ಎಂದು ಒಮ್ಮೆಗೇ ನನ್ನವಳಾಗುತ್ತಾಳೆ. ಹೋದ ವರ್ಷಗಳನ್ನು ಒಂದೇ ಏಟಿಗೆ ವಸೂಲಿ ಮಾಡುವ ವ್ಯಾಪಾರಿಯ ಯೋಚನೆ.

ಸೀಟು ಎರಡೇ. ಉಸ್ಮಾನಾಕ ಒಮ್ಮೆ ಕೇಳಿದ್ದರು ಕೂಡ. "ಮಗು ಎಲ್ಲಿ ಕೂರುದು ಶೆಟ್ರೇ?"

"ಅವಳಮ್ಮನ ಮಡಿಲಲ್ಲಿ."

"ಹೌದೌದು. ನನ್ನ ಮಗ ಬಂದ್ರೂ ಹಾಗೇ ಕೂರಿಸ್ಲಿಕ್ಕಾಯ್ತು."

ವರ್ಕ್‌ಶಾಪು ಸಾಲಿನ ಎಷ್ಟೋ ಜನ ಆ ಕಾರು ನೋಡಲು ಬಂದಿದ್ದರು. ಕುಂದಾಪುರದವರು, ಉಳ್ಳಾಲದವರು, ಒಬ್ಬ ಪಾಕಿಸ್ತಾನಿ ಪೇಂಟರು. ಎಲ್ಲರೂ ಮಕ್ಕಳೊಂದಿಗರೇ. ಬಣ್ಣದ ಬಗ್ಗೆ ಜಗಳವಾಡಿದರು, ಹಾರ್ನಿನ ಬಗ್ಗೆ ಸಲಹೆ ಕೊಟ್ಟರು. ಮಡಿಲಿನ ಮಾತಿಗೆ ಒಬ್ಬರೂ ಎದುರು ಹೇಳಲಿಲ್ಲ.

ರಿಯಾದಿನ ವಿಮಾನ ನಿಲ್ದಾಣಕ್ಕೆ ಅಂಗಡಿಯ ಪಿಕಪ್ಪಿನಲ್ಲೇ ಹೋದೆ. ಮನೆಯವಳು ಕಂಡಳು. ಅವಳ ಪಕ್ಕದಲ್ಲಿ, ಅವಳ ಭುಜಕ್ಕೆ ಬರುವಷ್ಟು ಎತ್ತರದ, ಎರಡು ಜಡೆಯ ಹುಡುಗಿಯೊಬ್ಬಳು ಬ್ಯಾಗು ಹಿಡಿದು ನಿಂತಿದ್ದಳು. ಜೊತೆಗೆ ಬಂದ ಯಾರದೋ ಮಗಳಿರಬೇಕು ಎಂದು ನಾನು ಕೂಸನ್ನು ಹುಡುಕಿದೆ! ಮೂರನೇ ಕ್ಲಾಸಿನ ಫೀಸು ಕಳಿಸಿದವನು ನಾನೇ. ಫೋಟೋಗಳೂ ಬರುತ್ತಿದ್ದವು. ಆದರೆ ಫೋಟೋದಲ್ಲಿ ಎಲ್ಲರೂ ಅಂಗೈಯಷ್ಟೇ ಇರುತ್ತಾರಲ್ಲ.

"ಅಪ್ಪನಿಗೆ ನಮಸ್ಕಾರ ಮಾಡು," ಎಂದಳು ಮನೆಯವಳು. ಹುಡುಗಿ ಮಾಡಿದಳು. ಶಾಲೆಗೆ ಬಂದ ಇನ್‌ಸ್ಪೆಕ್ಟರಿಗೆ ಮಾಡುವ ಹಾಗೆ.

ಪಿಕಪ್ಪಿನ ಮುಂದಿನ ಉದ್ದ ಸೀಟಿನಲ್ಲಿ ಮೂವರೂ ಕೂತು ಬಂದೆವು. ಹುಡುಗಿಯ ಮೊಣಕಾಲು ಎದುರಿನ ತಗಡಿಗೆ ತಾಗುತ್ತಿತ್ತು. ಖರ್ಜ್ ತಲುಪುವವರೆಗೂ ನಾನು ಆ ಮೊಣಕಾಲನ್ನೇ ನೋಡುತ್ತಿದ್ದೆ. ಇಷ್ಟು ಚೌಕಾಸಿ ಮಾಡಿದ್ದೆ, ಒಂದೊಂದು ವಾಶರನ್ನೂ ಬೆಳಕಿಗೆ ಹಿಡಿದು ನೋಡಿ ಕೊಂಡಿದ್ದೆ. ಮಗಳನ್ನು ಮಾತ್ರ ಹಳೆಯ ಅಳತೆಗೇ ಹಿಡಿದಿದ್ದೆ.

ಇದು ನನ್ನೊಬ್ಬನ ಕಥೆಯಲ್ಲ. ಊರಿಗೆ ಹೋಗುವವರು ಆಸೆಯಿಂದ ಕೊಳ್ಳುವ ಫ್ರಾಕುಗಳನ್ನು ನೆನಪಿಸಿಕೊಳ್ಳಿ. ಯಾವುದಾದರೂ ಸರಿಯಾದದ್ದುಂಟೇ? ಎಲ್ಲ ಚಿಕ್ಕದು. ಮನೆಯ ಹೆಂಗಸರು "ಲಾಯ್ಕುಂಟು" ಎಂದು ಮಡಚಿಟ್ಟು, ಆಮೇಲೆ ಪಕ್ಕದ ಮನೆಯ ಮಗುವಿಗೆ ಕೊಡುತ್ತಾರೆ. ನಾವು ಬಿಟ್ಟುಬಂದ ದಿನಕ್ಕೇ ಮಕ್ಕಳು ನಿಂತಿರುತ್ತಾರೆ ನಮ್ಮ ಲೆಕ್ಕದಲ್ಲಿ. ವರ್ಕ್‌ಶಾಪಿನ ಇಡೀ ಸಾಲು ಮಡಿಲಿಗೆ ಒಪ್ಪಿಗೆ ಕೊಟ್ಟದ್ದು ಸುಮ್ಮನೆ ಅಲ್ಲ.

ಮರುದಿನ ಟಾರ್ಪಾಲು ಎಳೆದೆ. ಕೆಂಪು ಬಣ್ಣ ಹೊಳೆಯಿತು. ಹುಡುಗಿಯ ಕಣ್ಣು ಅರಳಿತು, ಅದು ಸುಳ್ಳಲ್ಲ.

"ಇದು ನೀವೇ ಮಾಡಿದ್ದಾ?"

"ನಾನು, ಈ ಉಸ್ಮಾನಾಕ."

ಅವಳು ಒಳಗೆ ಬಗ್ಗಿ ನೋಡಿದಳು. "ನಾನೆಲ್ಲಿ ಕೂರುದು?"

"ಇಲ್ಲಿ ಬಾ, ನನ್ನ ಮಡಿಲಲ್ಲಿ," ಎಂದಳು ಮನೆಯವಳು, ನನ್ನ ಮುಖ ನೋಡಿ, ನನ್ನನ್ನು ಉಳಿಸಲಿಕ್ಕೆ.

"ನಾನೆಂತ ಪಾಪುವಾ?"

ಬಾಯಿಗೆ ಬೀಗವಿಲ್ಲದ ಉಸ್ಮಾನಾಕ ಸ್ಪಾನರನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದರು. ಮೆಲ್ಲಗೆ ಹೇಳಿದರು. "ನನ್ನ ಮಗ ಇವಳಿಗಿಂತ ಒಂದು ವರ್ಷ ದೊಡ್ಡವ, ಶೆಟ್ರೇ."

ಮನೆಯವಳು ಪಕ್ಕಕ್ಕೆ ಸರಿದಳು. "ನೀವಿಬ್ರು ಹೋಗಿ ಬನ್ನಿ."

ಹೋದೆವು. ಖರ್ಜೂರದ ಸಾಲುಗಳ ನಡುವೆ, ನೀರಿನ ಕಾಲುವೆಯ ಪಕ್ಕದಲ್ಲಿ. ಕಾರು ಚೆನ್ನಾಗಿಯೇ ಓಡಿತು, ಹಿಂದಿನಿಂದ ಹೊಲಿಗೆ ಮಿಷನ್ನಿನಂಥ ಸದ್ದು. ಮಗಳ ಜೊತೆ ಏನು ಮಾತಾಡಬೇಕು ಎಂದು ನನಗೆ ತೋಚಲಿಲ್ಲ. ಗಿರಾಕಿಯಾಗಿದ್ದರೆ ಗೊತ್ತಿರುತ್ತಿತ್ತು. ಗೇರು ಎಲ್ಲಿಂದ ತಂದೆ, ದೀಪ ಯಾವ ಗಾಡಿಯದು ಎಂದೆಲ್ಲ ಹೇಳಿದೆ. ಅವಳು "ಹ್ಞಾಂ" ಎಂದಳು. ಆಮೇಲೆ, ದೊಡ್ಡವರು ಮಾತು ಮುಂದುವರಿಸುವ ಹಾಗೆ, ಅವಳೇ ಕೇಳಿದಳು.

"ನೀವು ನಮ್ಮ ಮನೆಗೆ ಯಾವಾಗ ಬರುದು?"

"ನೋಡುವ," ಎಂದೆ.

"ಬನ್ನಿ. ಹೊರಗಿನ ಕೋಣೆ ಖಾಲಿ ಉಂಟು. ನೆಂಟರು ಬಂದ್ರೆ ಅಲ್ಲೇ ಮಲಗುದು."

ಕಟ್ಟಿಸುವಾಗ ಆ ಮನೆಯ ಒಂದೊಂದು ಕಲ್ಲಿಗೂ ನಾನು ಚೌಕಾಸಿ ಮಾಡಿದ್ದೆ. ಹೇಳಲಿಲ್ಲ. ಅವಳು ಮನಸ್ಸಿಟ್ಟು ಕರೆದಿದ್ದಳು. ಕರೆದವರ ಹತ್ತಿರ ಜಗಳವಾಡಬಾರದು.

ಎರಡನೇ ಸುತ್ತಿಗೆ ಮನೆಯವಳನ್ನು ಕೂರಿಸಿಕೊಂಡು ಹೋದೆ. ಅವರಿದ್ದಷ್ಟು ದಿನವೂ ಹೀಗೆಯೇ: ಒಬ್ಬಳು ಹತ್ತಿದರೆ ಒಬ್ಬಳು ಕೆಳಗೆ. ಮೂವರೂ ಒಟ್ಟಿಗೆ ಆ ಕಾರಿನಲ್ಲಿ ಒಮ್ಮೆಯೂ ಹೋಗಲಿಲ್ಲ. ಹಿಂದೆ ಇನ್ನೊಂದು ಸೀಟು ಕೂರಿಸಲು ಉಸ್ಮಾನಾಕ ಏನೇನೋ ಅಳೆದರು. "ಹಿಂದೆ ಇಂಜಿನ್ ಉಂಟಲ್ಲ ಮಾರಾಯ್ರೆ, ಅದನ್ನು ಎಲ್ಲಿ ಇಡುದು?" ಎಂದು ಕೈಚೆಲ್ಲಿದರು. ಅವರು ಊರಿಗೆ ಹೇಳಿಕಳಿಸಿ, ಮಗನನ್ನು ಗೋಡೆಗೆ ನಿಲ್ಲಿಸಿ ನೂಲಿನಲ್ಲಿ ಅಳೆದು, ಆ ನೂಲನ್ನೇ ತರಿಸಿಕೊಂಡರು. ವರ್ಕ್‌ಶಾಪಿನ ಮೊಳೆಯಲ್ಲಿ ಅದು ತೂಗುತ್ತಿತ್ತು. ಅದರ ಪಕ್ಕದಲ್ಲಿ ನಿಂತು ತಮ್ಮ ಎದೆಯ ಮೇಲೆ ಕೈಯಿಟ್ಟು, "ಇಲ್ಲಿಗೆ ಬರ್ತಾನೆ," ಎನ್ನುತ್ತಿದ್ದರು. ಮುಂದಿನ ರಜೆಗೆ ಹೋದವರು ತಿರುಗಿ ಬರಲಿಲ್ಲ.

ನಾನೂ ಕೂಡಲೇ ಗಂಟುಮೂಟೆ ಕಟ್ಟಿದೆ ಎಂದು ಬರೆದರೆ ನಿಮಗೆ ಸಮಾಧಾನವಾಗುತ್ತಿತ್ತು. ಕಟ್ಟಲಿಲ್ಲ. ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಕಾರಿನಲ್ಲಿ ಅಬೂ ಸಾಲೆ ಆಡುಗಳಿಗೆ ಹುಲ್ಲು ಸಾಗಿಸಿದ. ನಾನು ಕೊನೆಗೆ ಊರಿಗೆ ಬರುವ ಹೊತ್ತಿಗೆ ಶೋಭಾ ಹೈಸ್ಕೂಲು ಮುಗಿಸಿದ್ದಳು. ನನಗೆ ಹೊರಗಿನ ಕೋಣೆಯನ್ನು ಬಹಳ ಚೊಕ್ಕಟ ಮಾಡಿಟ್ಟಿದ್ದಳು.

ಇವತ್ತು ಶೆಡ್ಡಿನಿಂದ ಅಳಿಯ ಸೀದಾ ಅವರ ಮನೆಗೆ ಕರೆದುಕೊಂಡು ಬಂದ. ಮನೆಯವಳು ಮೊದಲೇ ಬಂದಿದ್ದಳು. ಶೋಭಾ ನನ್ನನ್ನು ಕಂಡವಳೇ ಸೋಫಾದ ಬಟ್ಟೆ ಸರಿಮಾಡಿದಳು, ಫ್ಯಾನು ಹಾಕಿದಳು, ಹೂವಿನ ಚಿತ್ರದ ಕಪ್ಪಿನಲ್ಲಿ ಚಹಾ ತಂದಿಟ್ಟು, "ಸಕ್ಕರೆ ಸಾಕಾ ಅಪ್ಪ?" ಎಂದು ಕೇಳಿ ಒಳಗೆ ಹೋದಳು. ಯಾವಾಗಲೂ ಹಾಗೆಯೇ. ಒಂದೂ ಕೊರತೆಯಿಲ್ಲ. ಅಡುಗೆಮನೆಯಿಂದ ತಾಯಿ ಮಗಳ ನಗು ಕೇಳುತ್ತಿತ್ತು. ಅಳಿಯ ಫೋನು ಹಿಡಿದು ಅಂಗಳಕ್ಕಿಳಿದ.

ನಾನು ಕಪ್ಪು ಹಿಡಿದುಕೊಂಡು ಎದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ಕೂಡಲೇ ನಗು ನಿಂತಿತು.

"ಎಂತ ಬೇಕಿತ್ತು ಅಪ್ಪ?"

"ಎಂತ ಬೇಡ."

ಇಬ್ಬರೂ ನನ್ನನ್ನೇ ನೋಡಿದರು. ಮೂಲೆಯಲ್ಲೊಂದು ಮಣೆ ಇತ್ತು. ಯಾರೂ ಕೂರಿ ಎನ್ನಲಿಲ್ಲ. ನಾನೇ ಕೂತೆ. ಮೊಣಕಾಲು ಲಟ್ ಎಂದಿತು. ಶೋಭಾ ಸೌಟು ಕೆಳಗಿಟ್ಟಳು. ಆಮೇಲೆ ಒಂದು ತಟ್ಟೆ ಬೆಳ್ಳುಳ್ಳಿ ತಂದು ನನ್ನ ಮುಂದಿಟ್ಟಳು.

"ಕೂತದ್ದೇ ಆದ್ರೆ ಇದನ್ನು ಸುಲೀರಿ."

ಸುಲಿಯತೊಡಗಿದೆ. ಅರ್ಧಕ್ಕೆ ನಿಂತಿದ್ದ ಅವರ ಮಾತು ನನ್ನ ತಲೆಯ ಮೇಲಿಂದ ಮತ್ತೆ ಶುರುವಾಯಿತು. ಯಾರ ಮನೆಯ ಸುದ್ದಿಯೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.