ಓಡುವವರಿಗೆ ಕೇಳಬೇಕಾದ ಪ್ರಶ್ನೆ

ನನ್ನನ್ನು ಕಂಡು ಜನ ಓಡುವುದು ನನಗೆ ಹೊಸದಲ್ಲ. ನಾನು ಚನ್ನರಾಯಪಟ್ಟಣದಲ್ಲಿ ವಿಮಾ ಏಜೆಂಟ್. ಬಸ್‌ಸ್ಟ್ಯಾಂಡಿನ ಒಂದು ಕಡೆಯಿಂದ ನಾನು ಒಳಗೆ ಹೋದರೆ ಇನ್ನೊಂದು ಕಡೆಯಿಂದ ಮೂರ್ನಾಲ್ಕು ಜನ ಹೊರಟು, ಏನೂ ಕೆಲಸವಿಲ್ಲದಿದ್ದರೂ ಹಿರೀಸಾವೆ ಬಸ್ಸು ಹತ್ತಿಬಿಡುತ್ತಾರೆ. ತಾಲ್ಲೂಕಿನ ಜನರ ಕಾಲಿಗೆ ಇಷ್ಟೊಂದು ವ್ಯಾಯಾಮ ಕೊಟ್ಟವನು ಇನ್ನೊಬ್ಬನಿಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದೆ. ಆದರೆ ನನ್ನ ಸ್ವಂತ ಮಗಳೇ ಬೆಳಗಾಗೆದ್ದು ಓಡಲು ಶುರುಮಾಡಿದಾಗ ಮಾತ್ರ ಎದೆ ಧಸಕ್ಕೆಂದಿತು.

ಚಿಂತೆ ನನ್ನ ಹೊಟ್ಟೆಪಾಡು. ಮನೆಗೆ ಬೆಂಕಿ ಬಿದ್ದರೆ, ಹಸು ಸತ್ತರೆ, ನೀವೇ ಸತ್ತರೆ ಎಂದು ಊರೂರಿಗೆ ಚಿಂತೆ ಹಂಚಿ ಬದುಕುವವನು ನಾನು. ಹಂಚಿ ಉಳಿದದ್ದನ್ನು ಮನೆಗೆ ತರುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಬಂದು ಹೊಳೆನರಸೀಪುರದ ಮದುವೆಮನೆಯಲ್ಲಿ ಹಾಕಿದ ಎಲೆ ಬಿಟ್ಟು ಎದ್ದು ಬಂದಿದ್ದೇನೆ. ಒಲೆ ತಣ್ಣಗಿತ್ತು, ಹೆಂಡತಿ ಬಿಸಿಯಾಗಿದ್ದಳು. ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ರಂಜಿತಾ, ಬೆಂಕಿ ಸುರಕ್ಷತೆಯ ಕೋರ್ಸು ಮುಗಿಸಿ ಬಂದು, "ಅಪ್ಪ, ಹಾಸನದತ್ರ ದೊಡ್ ಕಾರ್ಖಾನೆನೋರು ತಮ್ದೇ ಅಗ್ನಿಶಾಮಕ ಪಡೆ ಮಾಡ್ತಾವ್ರೆ, ಹೆಣ್ಮಕ್ಳನ್ನೂ ತಗತಾರಂತೆ, ನಾನು ಅರ್ಜಿ ಹಾಕಿದೀನಿ" ಎಂದಳು. ನಾನು ಬೆಂಕಿಯ ಹೆದರಿಕೆ ಮಾರಿ ಸಾಕಿದ ಮಗಳು ಆ ಬೆಂಕಿಯೊಳಕ್ಕೇ ಹೋಗುತ್ತೇನೆನ್ನುತ್ತಿದ್ದಾಳೆ!

ಇದರ ಸೂಚನೆ ಮೊದಲೇ ಇತ್ತೆನ್ನಿ. ನಮ್ಮ ಗೃಹಪ್ರವೇಶದ ದಿನ ಪಕ್ಕದ ಮನೆಯ ಜೋಯಿಸರು ಹೋಮಕ್ಕೆ ಕೂತು ಉತ್ಸಾಹದಲ್ಲಿ ತುಪ್ಪ ಜಾಸ್ತಿ ಸುರಿದರು. ಜ್ವಾಲೆ ಮೇಲಿನ ಮಾವಿನ ತೋರಣ ನೆಕ್ಕಿತು. ನಾವು ದೊಡ್ಡವರೆಲ್ಲ ಇದು ಶುಭವೋ ಅಶುಭವೋ ಎಂದು ಅವರ ಮುಖ ನೋಡುತ್ತಿರುವಾಗ, ಇನ್ನೂ ಲಂಗ ತೊಡುತ್ತಿದ್ದ ರಂಜಿ ಬಚ್ಚಲಿನಿಂದ ಒಂದು ಬಕೆಟ್ ನೀರು ತಂದು ಹೋಮಕುಂಡಕ್ಕೂ ಜೋಯಿಸರಿಗೂ ಸೇರಿಸಿ ಸುರಿದಳು. ಬೆಂಕಿ ಆರಿತು. ಜೋಯಿಸರು ಆರಲಿಲ್ಲ. ಮಗಳು ಈ ಕೆಲಸಕ್ಕೆ ಹಾಕಿದ್ದಾಳೆಂದು ಗೊತ್ತಾದಾಗಲೂ ಅವರು, "ಅಗ್ನಿದೇವನ ಬಾಯಿಗೆ ನೀರು ಬಿಡೋದೇ ಉದ್ಯೋಗ ಅಂದ್ರೆ ಹ್ಯಾಗೆ ಸ್ವಾಮಿ?" ಎಂದು ನೊಂದುಕೊಂಡರು. ಒಂದೇ ಕಾಂಪೌಂಡಿನ ಆಚೆಗೆ ಅಗ್ನಿಗೆ ತುಪ್ಪ ಹಾಕುವವರು, ಈಚೆಗೆ ನೀರು ಹಾಕುವವಳು. ಪಾಪ, ಆ ದೇವರಾದರೂ ಯಾರ ಮನೆಗೆ ಬರಬೇಕು?

ಲಿಖಿತ ಪರೀಕ್ಷೆಯಲ್ಲಿ ರಂಜಿ ಸಲೀಸಾಗಿ ಪಾಸಾದಳು. ಎಡವಿದ್ದು ಓಟದಲ್ಲಿ. ಮೈದಾನವನ್ನು ಆರು ಸುತ್ತು ಓಡಬೇಕು, ಮುಕ್ತಾಯದ ಸೀಟಿ ಊದುವುದರೊಳಗೆ ಮುಗಿಸಬೇಕು. ಅವಳು ಮೊದಲ ಸುತ್ತನ್ನು ನಾಯಿ ಅಟ್ಟಿಸಿಕೊಂಡು ಬಂದಂತೆ ಓಡಿ, ಮೂರನೆಯದರಲ್ಲಿ ತುಟಿ ಬಿಳಿಚಿಕೊಂಡು, ನಾಲ್ಕನೆಯದರಲ್ಲಿ ಕೂತೇಬಿಟ್ಟಳು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆಗೆ ತಿರುಗಿಕೊಂಡಿದ್ದವಳು ಊರು ಬರುವವರೆಗೆ ಈ ಕಡೆ ತಿರುಗಲಿಲ್ಲ. ಇನ್ನೊಂದೇ ಅವಕಾಶ ಕೊಡುತ್ತಾರಂತೆ, ಅದೂ ಹೋದರೆ ಮತ್ತೆ ಕರೆಯುವುದಿಲ್ಲವಂತೆ. ಅದನ್ನೂ ಅವಳು ಕಿಟಕಿಗೇ ಹೇಳಿದಳು.

ಆವತ್ತು ನಾನೊಂದು ತೀರ್ಮಾನಕ್ಕೆ ಬಂದೆ. ಇವಳನ್ನು ನಾನೇ ಓಡಿಸುತ್ತೇನೆ! ಹೊಸ ಬೂಟು ಕೊಂಡು ಮಾರನೆಯ ದಿನ ಅವಳ ಹಿಂದೆ ಬಾಗೂರು ರಸ್ತೆಯಲ್ಲಿ ಹೊರಟೆ. ಮೊದಲ ಮೈಲಿಗಲ್ಲು ಕಂಡಿತು. ಅದನ್ನು ತಬ್ಬಿಕೊಂಡದ್ದೂ ನೆನಪಿದೆ. ಆಮೇಲೆ ನೆನಪಿರುವುದು, ಡೈರಿಗೆ ಹಾಲು ಹಾಕಲು ಹೊರಟಿದ್ದ ಒಬ್ಬ ಗೌಡರು ಕ್ಯಾನುಗಳ ನಡುವೆ ನನ್ನನ್ನು ಕೂರಿಸಿಕೊಂಡು ಟಿವಿಎಸ್ಸಿನಲ್ಲಿ ಮನೆಗೆ ತಂದು ಇಳಿಸಿದ್ದು. ವರ್ಷಗಟ್ಟಲೆ ನನ್ನ ಕೈಗೆ ಸಿಗದೆ ತಪ್ಪಿಸಿಕೊಂಡಿದ್ದ ಆಸಾಮಿ ಆತ. ಇಳಿಸಿದವನೇ ಕಾಳಜಿಯಿಂದ ಕೇಳಿದ: "ಅಲ್ಲಾ ಸಾ, ನಿಮ್ದೊಂದು ಪಾಲಿಸಿ ಐತೋ ಇಲ್ವೋ?"

ಹೆಂಡತಿ ಜಯಲಕ್ಷ್ಮಿ ನಿಂಬೆಹಣ್ಣಿನ ಪಾನಕ ಕೊಡುತ್ತ, "ಓಡ್ಬೇಕಾಗಿರೋದು ಅವ್ಳು ಕಣ್ರೀ. ನಿಮ್ಮನ್ನ ಹೊತ್ಕೊಂಡ್ ಓಡೋ ಪರೀಕ್ಷೆನೂ ಇಟ್ಟವ್ರಾ?" ಎಂದಳು. ಮಾರನೆಯ ದಿನದಿಂದ ನಾನು ಸ್ಕೂಟರಿನಲ್ಲಿ ಹಿಂಬಾಲಿಸತೊಡಗಿದೆ. ಡಿಕ್ಕಿಯಲ್ಲಿ ನೀರು, ಗ್ಲೂಕೋಸು, ಟವೆಲು, ಕೊಡೆ, ನಾಯಿಗೊಂದು ಕೋಲು, ನಾಯಿ ಒಳ್ಳೆಯದಾಗಿದ್ದರೆ ಬಿಸ್ಕತ್ತು.

ನಿಜವಾದ ತೊಂದರೆ ನಾಯಿಯದಲ್ಲ, ನಮ್ಮೂರಿನದು. ನಮ್ಮ ಕಡೆ ಕಾರಣವಿಲ್ಲದೆ ಯಾರೂ ಓಡುವುದಿಲ್ಲ. ಈ ಅನುಮಾನ ಬಂದಮೇಲೆ ನುಗ್ಗೇಹಳ್ಳಿಗೆ ಹೋದಾಗ ದೇವಸ್ಥಾನದ ಗೋಡೆಯ ಶಿಲ್ಪಗಳನ್ನು ಸುತ್ತಿ ನೋಡಿದ್ದೇನೆ. ಕುಣಿಯುವವರಿದ್ದಾರೆ, ಕೊಳಲೂದುವವರಿದ್ದಾರೆ, ಸೊಂಟ ಬಳುಕಿಸಿ ಸುಮ್ಮನೆ ನಿಂತವರಂತೂ ಲೆಕ್ಕವಿಲ್ಲ. ಓಡುವ ಕೆಲಸವನ್ನು ಕೆಳಗಿನ ಸಾಲಿನ ಕುದುರೆಗಳಿಗೆ ವಹಿಸಿದ್ದಾರೆ. ಹೊಯ್ಸಳರ ಕಾಲದಿಂದ ಹೀಗಿರುವ ಸೀಮೆಯಲ್ಲಿ ಒಬ್ಬ ಹುಡುಗಿ ಬೆಳಗಿನ ಜಾವ ಓಡಿದರೆ, ನೋಡಿದವರು ಸುಮ್ಮನಿರುತ್ತಾರೆಯೇ? ಯಾರಿಗೋ ಹೆರಿಗೆ ನೋವು, ಇಲ್ಲ ಯಾರೋ ಹೋಗಿಬಿಟ್ಟರು. ಕೇಳದಿದ್ದರೆ ಮನುಷ್ಯತ್ವವೇ ಅಲ್ಲ. ಇನ್ನು ಕೇಳಿದವರಿಗೆ ನಿಂತು ಉತ್ತರ ಕೊಡದೆ ಹೋದರೆ, ಅದು ಮೂರು ತಲೆಮಾರಿಗೆ ಸಾಲುವ ಅವಮಾನ.

ಈ ಕೇಳುವವರ ಪೈಕಿ ಅಗ್ರಗಣ್ಯರು ನಮ್ಮ ಗೌರತ್ತೆ. ನನ್ನ ತಂದೆಯ ಕೊನೆಯ ತಂಗಿ, ಬಾಗೂರು ರಸ್ತೆಯಿಂದ ಕೆರೆ ಏರಿಗೆ ತಿರುಗುವಲ್ಲೇ ಮನೆ. ಪೊರಕೆ ಹಿಡಿದು ಬಾಗಿಲಲ್ಲಿ ನಿಂತರೆಂದರೆ ಟೋಲ್‌ಗೇಟ್ ಇದ್ದಂತೆ, ಮಾತು ಕೊಡದೆ ಯಾರೂ ದಾಟುವಂತಿಲ್ಲ.

"ಯಾಕವ್ವಾ ಓಡ್ತಿದ್ದೀಯೇ? ಏನಾಯ್ತು ಮನೇಲಿ?"

"ಏನಿಲ್ಲ ಅಜ್ಜಿ, ಓಟ ಕಲೀತಾ ಇದೀನಿ."

"ಓಡಾದ್ನೂ ಕಲೀಬೇಕೇನೇ? ನಿಲ್ಲು, ಕಾಪಿ ಕುಡ್ಕಂಡ್ ಓಗು."

ಹೀಗೆ ನಿಂತು ನಿಂತು, ಓಟಕ್ಕಿಂತ ಕಾಫಿಯೇ ಹೆಚ್ಚಾಯಿತು. ರಂಜಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೇರ ನೋಡುತ್ತ ಓಡಿದಳು. ಮೂರೇ ದಿನಕ್ಕೆ ಊರಿನಲ್ಲಿ ಎರಡು ಪಂಗಡವಾಯಿತು. ಒಂದು, ಪಾಪ ಏಜೆಂಟ್ರ ಮಗಳಿಗೆ ಕಿವಿ ಕೇಳಿಸುವುದಿಲ್ಲವಂತೆ ಎಂದು ಮರುಗಿತು. ಇನ್ನೊಂದು, ಕೆಲಸ ಸಿಗುವ ಮೊದಲೇ ಎಷ್ಟು ದಿಮಾಕು ನೋಡಿ ಎಂದಿತು. ಗೌರತ್ತೆ ಎರಡರಲ್ಲೂ ಇದ್ದರು. ಜಯ ಇಯರ್‌ಫೋನನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಓಡಾದಿದ್ರೆ ಎಲ್ರೂನೂ ಮಾತಾಡಿಸ್ಕಂಡ್ ಓಡು. ನಾಳೆ ಈ ಊರ್ನಲ್ಲಿ ನಾನ್ ಮುಖ ತೋರ್ಸ್ಬೇಕು" ಎಂದಳು.

ಸಮಸ್ಯೆಯನ್ನು ಕಾಲೇಜಿನ ಪಿ.ಟಿ. ಮೇಷ್ಟರ ಮುಂದಿಟ್ಟೆವು. ಅವರದು ಗುಡಾಣದಂಥ ಹೊಟ್ಟೆ, ತಾವು ಓಡಿ ಎಷ್ಟು ವರ್ಷವಾಯಿತೆಂದು ಅವರಿಗೇ ಮರೆತುಹೋಗಿದೆ. ಆದರೆ ಉಸಿರಿನ ವಿಚಾರ ತಿಳಿಸಿ ಹೇಳಿದರು. ದಮ್ಮು ಕಟ್ಟಿ ಓಡುವುದು ಬೇರೆ, ಉಸಿರಾಡುತ್ತ ಓಡುವುದು ಬೇರೆ. ಎರಡನೆಯದನ್ನೇ ಏರೋಬಿಕ್ ಎನ್ನುತ್ತಾರೆ. ಒಳಗೆಳೆದ ಗಾಳಿ ಮೈಗೆ ಸಾಲುತ್ತಿದ್ದರೆ ಎಷ್ಟು ದೂರವಾದರೂ ಹೋಗಬಹುದು. ಸಾಲದೆ ಹೋದರೆ ಕಾಲು ಮುಷ್ಕರ ಹೂಡುತ್ತದೆ. "ತಿಳ್ಕೊಳೋದ್ ಹೆಂಗೆ ಸಾ?" ಎಂದಳು ರಂಜಿ.

"ಸುಲಭ ಕಣಮ್ಮ. ಓಡ್ತಾ ಓಡ್ತಾ ಒಂದು ಪೂರ್ತಿ ವಾಕ್ಯ ಹೇಳಕ್ಕಾದ್ರೆ ಉಸಿರು ಸರಿಯಾಗೈತೆ. ಎರಡೇ ಮಾತು ಬಂದ್ರೆ ಸ್ವಲ್ಪ ನಿಧಾನ ಮಾಡು. ಮಾತೇ ಬರ್ಲಿಲ್ಲ ಅಂದ್ರೆ ನಿಮ್ಮಪ್ಪನ್ ಸ್ಕೂಟ್ರು ಹತ್ತು."

ಮೇಷ್ಟರ ಈ ಸೂತ್ರವೂ ಜಯಳ ಆಜ್ಞೆಯೂ ಒಂದೇ ಆಗಿದ್ದು ವಿಜ್ಞಾನದ ಪುಣ್ಯ. ಮಾರನೆಯ ದಿನದಿಂದ ರಂಜಿ ನಿಲ್ಲದೆ ಉತ್ತರ ಕೊಡತೊಡಗಿದಳು. ಅವಳು ಕೆರೆ ಏರಿಯಿಂದ ತಿರುಗಿ ತಿರುಗಿ ಅದೇ ದಾರಿಗೆ ಬರುವುದರಿಂದ ಗೌರತ್ತೆಯ ವಿಚಾರಣೆ ಧಾರಾವಾಹಿಯಾಯಿತು. ಮೊದಲ ಸುತ್ತಿಗೆ, "ಏನ್ ಸಾರವ್ವಾ ಇವತ್ತು?" ಎರಡನೇ ಸುತ್ತಿಗೆ, "ಬಸ್ಸಾರಾ? ಯಾವ್ ಸೊಪ್ಪು?" ಮೂರನೆಯದಕ್ಕೆ, "ಕೀರೆ ಸೊಪ್ಪಿಗೆ ಕಾಳು ಏನ್ ಹಾಕುದ್ರಿ?" ಅಲಸಂದೆ ಕಾಳು ಎಂದು ಪೂರ್ತಿ ವಾಕ್ಯದಲ್ಲಿ ಹೇಳುವಷ್ಟರಲ್ಲಿ ಅವಳು ಅವರ ಮನೆಯ ಬೇಲಿ ದಾಟಿರುತ್ತಿದ್ದಳು. ಬೇಲಿಯಾಚೆ ಬಟ್ಟೆ ಒಗೆಯುವ ಹೆಂಗಸರು, ಆಮೇಲೆ ಎಳನೀರು ಇಳಿಸುವವರು. ಮದುವೆ ಯಾವಾಗ, ಓಡಿದರೆ ಕಪ್ಪಾಗುವುದಿಲ್ಲವೇ, ಬೆಂಕಿ ಹತ್ತುವ ಮೊದಲೇ ಯಾಕೆ ಓಡಬೇಕು? ಈ ಕೊನೆಯ ಪ್ರಶ್ನೆ ಕೇಳಿದವನಿಗೆ ಅವಳು, "ಬೆಂಕಿ ಬಿದ್ಮೇಲೆ ಬಾವಿ ತೋಡೋದು ಬ್ಯಾಡ ಅಂತ ಕಣಣ್ಣಾ" ಎಂದು ಒಂದೇ ಉಸಿರಿನಲ್ಲಿ ಹೇಳಿದ ದಿನ, ನಾನು ಹಿಂದೆ ಸ್ಕೂಟರಿನಲ್ಲೇ ಚಪ್ಪಾಳೆ ತಟ್ಟಿ ಇನ್ನೇನು ಕೆರೆಗೆ ಬೀಳುತ್ತಿದ್ದೆ.

ಪರೀಕ್ಷೆಯ ದಿನ ಬಂತು. ಜಯ ಊರದೇವಿಗೆ ಸುತ್ತಿಗೊಂದರಂತೆ ಆರು ತೆಂಗಿನಕಾಯಿ ಹರಸಿಕೊಂಡಿದ್ದಳು. ಮಗಳು ಐದು ಸುತ್ತಿಗೆ ಕೂತರೆ ಐದೇ ಒಡೆಯುತ್ತೀಯಾ ಎಂದು ಕೇಳಿ ಬೈಸಿಕೊಂಡೆ. ಹಾಸನದ ಮೈದಾನದಲ್ಲಿ ಅರಕಲಗೂಡು, ಹೊಳೆನರಸೀಪುರ ಎಲ್ಲ ಕಡೆಯಿಂದ ಬಂದ ಮಕ್ಕಳು ಕೈಕಾಲು ಒದರುತ್ತಿದ್ದರು, ತಂತಿಬೇಲಿಯ ಈಚೆಗೆ ಅಪ್ಪ ಅಮ್ಮಂದಿರು ಉಗುರು ಕಚ್ಚುತ್ತಿದ್ದರು. ಒಬ್ಬ ಸೆಕ್ಯೂರಿಟಿಯವನು ಬೇಲಿಯುದ್ದಕ್ಕೂ ಓಡಾಡುತ್ತ, "ಒರಗಿಂದ ಓಟದ್ ಬಗ್ಗೆ ಯಾರೂ ಏನೂ ಯೇಳ್ಕೊಡಂಗಿಲ್ಲ. ಯೇಳ್ಕೊಟ್ರೆ ಮಕ್ಳನ್ನೇ ಒರಗ್ ಕಳ್ಸ್ತಾರೆ" ಎಂದು ಸಾರುತ್ತಿದ್ದ.

ಓಟ ಶುರುವಾಗುವ ಸೀಟಿ ಊದಿದರು. ನನ್ನ ಮಗಳು ಮತ್ತೆ ನಾಯಿ ಅಟ್ಟಿಸಿಕೊಂಡು ಬಂದಂತೆ ಹೊರಟಳು.

ಎಲ್ಲರೂ ಹಾಗೆಯೇ ಹೊರಟಿದ್ದರು, ಇವಳೂ ಜೊತೆಗೆ ಕೊಚ್ಚಿಕೊಂಡು ಹೋದಳು. ಒಂದು ಸುತ್ತಾಯಿತು, ಎರಡಾಯಿತು. ಮೂರನೆಯದರಲ್ಲಿ ನನ್ನ ಮುಂದೆ ಹಾದುಹೋದಾಗ ನೋಡಿದೆ. ಹೋದ ಸಲದ್ದೇ ಮುಖ. ತುಟಿ ಬಿಳಿಚಿಕೊಂಡಿದೆ, ಕುತ್ತಿಗೆಯ ನರ ಉಬ್ಬಿದೆ. ಇನ್ನೊಂದು ಸುತ್ತಿಗೆ ಇವಳು ಕೂರುತ್ತಾಳೆ, ಆಮೇಲೆ ಮತ್ತೆ ಆ ಬಸ್ಸು, ಆ ಕಿಟಕಿ. ನಿಧಾನ ಮಾಡವ್ವಾ ಎಂದು ಕೂಗಲು ಬಾಯಿ ತೆರೆದೆ. ಸೆಕ್ಯೂರಿಟಿಯವನು ನನ್ನನ್ನೇ ನೋಡುತ್ತಿದ್ದ. ಆಗ ನನಗೆ ಈ ಮೈದಾನದಲ್ಲಿ ಏನು ಕಮ್ಮಿ ಎಂದು ಹೊಳೆಯಿತು. ಅಷ್ಟು ದೊಡ್ಡ ಬಯಲು. ಓಡುವವಳನ್ನು ಯಾಕೆ ಎಂದು ಕೇಳುವವರು ಒಬ್ಬರೂ ಇಲ್ಲ.

ಅವಳು ತಿರುಗಿ ಬರುವುದನ್ನೇ ಕಾದು ಬೇಲಿಗೆ ಬಾಯಿಯಿಟ್ಟು ಕೂಗಿದೆ: "ರಂಜೀ! ಇವತ್ತು ಮನೇಲಿ ಏನ್ ಸಾರವ್ವಾ?"

ಬೇಲಿಯುದ್ದಕ್ಕೂ ಉಗುರು ಕಚ್ಚುವುದು ನಿಂತಿತು. ರಂಜಿ ನನ್ನತ್ತ ನೋಡಿದ ನೋಟ ಮಗಳು ಅಪ್ಪನನ್ನು ನೋಡುವಂಥದ್ದಲ್ಲ. ಆದರೆ ಏನು ಮಾಡುತ್ತಾಳೆ, ಚನ್ನರಾಯಪಟ್ಟಣದಲ್ಲಿ ಹುಟ್ಟಿದವಳು. ಕೇಳಿದ ಮೇಲೆ ಉತ್ತರ ಕೊಡದೆ ಹೋಗಲಾರಳು. "ಬಸ್... ಸಾರು" ಎಂದಳು. ಎರಡೇ ಮಾತು. ಮೇಷ್ಟರ ಸೂತ್ರ ಅವಳಿಗೂ ನೆನಪಾಗಿರಬೇಕು, ಆಚೆಯ ತಿರುವಿನಲ್ಲಿ ಹೆಜ್ಜೆ ಸಣ್ಣದಾಯಿತು, ಭುಜ ಇಳಿಯಿತು. ಮುಂದಿದ್ದ ಗುಂಪು ಮುಂದಕ್ಕೆ ಹೋಯಿತು.

"ಯಾವ್ ಸೊಪ್ಪು?" ಎಂದೆ ಮುಂದಿನ ಸಲ.

"ಕೀರೆ ಸೊಪ್ಪು ಕಣಪ್ಪಾ!"

ಸೆಕ್ಯೂರಿಟಿಯವನು ನನ್ನ ಹತ್ತಿರ ಬಂದ. "ಏನ್ ಸಾ, ಮನೆ ಮಾತ ಮನೇಲ್ ಆಡ್ಕಳಿ."

"ಓಟದ ಬಗ್ಗೆ ಒಂದ್ ಮಾತಾದ್ರೂ ಆಡಿದ್ನಾ?" ಎಂದೆ. ಅವನು ಯೋಚಿಸಿದ. ನಿಯಮದಲ್ಲಿ ಸೊಪ್ಪಿನ ಪ್ರಸ್ತಾಪವಿರಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅರಕಲಗೂಡಿನ ತಾಯಿಯೊಬ್ಬರು ಇದೇನೋ ಗೆಲ್ಲುವ ಉಪಾಯವಿರಬೇಕೆಂದು ತಮ್ಮ ಮಗಳಿಗೆ, "ಲೇ ಪವಿತ್ರಾ, ಒಲೆ ಮ್ಯಾಲೆ ಆಲಿಟ್ಟಿದ್ದೆ, ಇಳಿಸಿದ್ಯೇನೇ?" ಎಂದು ಕೂಗಿದರು. ಆ ಹುಡುಗಿ ಗಾಬರಿಯಾಗಿ ಜೋರಾಗಿ ಓಡಿತು. ಎಲ್ಲ ಪ್ರಶ್ನೆಗಳೂ ಎಲ್ಲರಿಗೂ ಒಗ್ಗುವುದಿಲ್ಲ.

ಕೊನೆಯ ಸುತ್ತಿನಲ್ಲಿ ಮುಂದಿದ್ದ ಗುಂಪು ಒಬ್ಬೊಬ್ಬರಾಗಿ ಸೊಂಟ ಹಿಡಿದುಕೊಂಡು ನಡೆಯತೊಡಗಿತ್ತು. ರಂಜಿ ಅವರ ನಡುವೆ ಸಂತೆಗೆ ಹೊರಟವಳಂತೆ ದಾಟಿಕೊಂಡು ಬಂದಳು. ನಾನು ಕೇಳಿದೆ, "ಕಾಳು ಏನ್ ಹಾಕುದ್ರಿ?" ಅವಳು ನಗುತ್ತ, ಮೈದಾನಕ್ಕೆಲ್ಲ ಕೇಳುವಂತೆ, "ನಾವು ಅಲಸಂದೆ ಕಾಳು ಹಾಕಿದೀವಿ ಕಣಪ್ಪ, ಬಾಯಿ ಮುಚ್ಕಂಡ್ ನಿಂತ್ಕ!" ಎಂದಳು. ಪೂರ್ತಿ ವಾಕ್ಯ, ಕರ್ತೃ ಕರ್ಮ ಕ್ರಿಯಾಪದ ಸಮೇತ. ಆ ಉಸಿರು ಉಳಿದಿದ್ದರಿಂದಲೇ ಕೊನೆಯ ನೂರು ಹೆಜ್ಜೆಯನ್ನು ಬಾಣದಂತೆ ಓಡಿ, ಸೀಟಿ ಬಾಯಿಗೆ ಹೋಗುವಷ್ಟರಲ್ಲಿ ಗೆರೆ ದಾಟಿದಳು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆಗೆ ನಾನು ತಿರುಗಿಕೊಂಡಿದ್ದೆ. ಗಂಡಸರು ಬಸ್ಸಿನಲ್ಲಿ ಅತ್ತರೆ ಚೆನ್ನಾಗಿರುವುದಿಲ್ಲ.

ಈಗ ಅವಳು ಅಗ್ನಿಶಾಮಕ ಪಡೆಯ ಕೆಂಪು ಗಾಡಿಯ ಮೇಲೆ ಕೂರುತ್ತಾಳೆ. ನಾನು ದಿನಾ ಫೋನು ಮಾಡಿ ಏನು ಸಾರು ಎಂದು ಕೇಳುತ್ತೇನೆ. ಉತ್ತರ ಪೂರ್ತಿ ವಾಕ್ಯದಲ್ಲಿ ಬಂದರೆ ಆವತ್ತಿನ ಮಟ್ಟಿಗೆ ನಿಶ್ಚಿಂತೆ. ನಮ್ಮವರು ಎಲ್ಲಿಗೆ, ಊಟ ಆಯ್ತಾ, ಏನು ಸಾರು ಎಂದು ಕೇಳುವುದು ಸಾರಿನ ಮೇಲಿನ ಆಸೆಗಲ್ಲ, ಎದುರಿಗಿರುವವರಲ್ಲಿ ಇನ್ನೂ ಉಸಿರು ಉಳಿದಿದೆಯೇ ಎಂದು ನೋಡಲಿಕ್ಕೆ ಎಂಬುದು ನನಗೆ ಇಷ್ಟು ತಡವಾಗಿ ತಿಳಿಯಿತು.

ಬೂಟು ದಂಡವಾಗಬಾರದೆಂದು ನಾನೂ ಬೆಳಿಗ್ಗೆ ಅದೇ ದಾರಿಯಲ್ಲಿ ಒಂದಿಷ್ಟು ಓಡುತ್ತೇನೆ. ಗೌರತ್ತೆ ಪೊರಕೆ ಹಿಡಿದು, "ಏನ್ಲಾ, ಯಾರ್ಗೆ ಪಾಲಿಸಿ ಮಾಡ್ಸಾಕೆ ಓಡ್ತಿದ್ದೀಯ್ಲಾ?" ಎಂದು ಕೇಳುತ್ತಾರೆ. ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ, ಉಸಿರು ಇರುವುದಿಲ್ಲ. ಎರಡೂ ಕೈ ಎತ್ತಿ ಮುಗಿದು ಮುಂದೆ ಹೋಗುತ್ತೇನೆ. ಮಗಳು ಕೆಲಸಕ್ಕೆ ಸೇರಿದ ಮೇಲೆ ಏಜೆಂಟ್ರಿಗೆ ಎಷ್ಟು ವಿನಯ ಬಂತು ನೋಡಿ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿದೆಯಂತೆ.