ಕಾಂಡ್ಲಾ ಬೇರಿಗೆ ಕಟ್ಟಿದ ದೋಣಿ

ಜೌಗಿಗೆ ಮಣ್ಣು ಸುರಿದ ಕೂಲಿಯನ್ನು ಕಂಟ್ರಾಕ್ಟರು ಚಿಪ್ಪಕ್ಕನಿಗೆ ಇನ್ನೂ ಕೊಟ್ಟಿಲ್ಲ. ಹುಟ್ಟಿದಾಗಿನಿಂದ ಅನ್ನ ಕೊಟ್ಟ ನೀರಿನ ಬಾಯಿಗೇ ಮಣ್ಣು ಹಾಕಲು ಹೋದಳಲ್ಲ ಎಂದು ಮೂಗು ಮುರಿಯುವವರು ಅವಳ ಒಲೆಯನ್ನು ನೋಡಿದವರಲ್ಲ. ಕಾಲ್ಬೆರಳಲ್ಲೇ ಕೆಸರು ತಡಕಿ ಚಿಪ್ಪು ಹೆಕ್ಕುತ್ತಿದ್ದವಳು ಅವಳು. ಬಣ್ಣದ ಕಾರ್ಖಾನೆಯ ಕೊಳಚೆ ಹರಿದು ಬಂತು, ಚಿಪ್ಪು ಸತ್ತವು, ಖಾಲಿ ಬುಟ್ಟಿಗೆ ಮಣ್ಣು ಬಿತ್ತು. ಅಷ್ಟೇ ಕತೆ.

ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ದೋಣಿಯೊಂದೇ. ಚಿಪ್ಪೂ ಇಲ್ಲ, ಕೂಲಿಯೂ ಕೈಗೆ ಬಂದಿಲ್ಲ; ಜನರನ್ನು ಆಚೆ ದಡಕ್ಕೆ ದಾಟಿಸಿದರಷ್ಟೇ ಮನೆ ನಡೆಯುತ್ತಿತ್ತು. ದೋಣಿ ಹೋದರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ಹಾಗಾಗಿ ಚಂಡಮಾರುತದ ಸುದ್ದಿ ಬಂದ ಬೆಳಿಗ್ಗೆ ಅವಳು ಮೈದುನನನ್ನು ಎಬ್ಬಿಸಿ ಹಗ್ಗ ಹೊರಿಸಿಕೊಂಡು ಹೊರಟಳು.

"ಅತ್ತಿಗೆ, ಎಲ್ಲರೂ ದೋಣಿನ ದಡದ ಹೊಸ ಕಟ್ಟೆಗೇ ಕಟ್ಟಿದಾರೆ. ಕಬ್ಬಿಣದ ಕೊಂಡಿ ಇದೆ ಅಲ್ಲಿ."

"ಕಬ್ಬಿಣ ಬಗ್ಗುತ್ತೇನೋ? ಅದು ಬಗ್ಗದಿದ್ರೆ ನಮ್ಮ ಹಲಗೆ ಒಡೆಯುತ್ತೆ. ನಿಮ್ಮಮ್ಮ ಯಾವತ್ತೂ ಬೇರಿಗೇ ಕಟ್ಟಿದ್ದು."

"ಅಮ್ಮನ ಕಾಲದಲ್ಲಿ ಜೌಗು ಹೀಗೆ ನಾರ್ತಿರ್ಲಿಲ್ಲ."

"ಮೂಗು ಮುಚ್ಕೊಂಡು ಹುಟ್ಟು ಹಾಕು."

ಬಿರುಗಾಳಿ ಎದ್ದಾಗ ದೋಣಿಯನ್ನು ಜೌಗಿನ ಒಳಗಾಲುವೆಗೆ ನುಗ್ಗಿಸಿ, ಉಪ್ಪುನೀರಿನಲ್ಲೇ ನಿಂತ ಕಾಂಡ್ಲಾ ಮರಗಳ ಬೇರುಗಳಿಗೆ ಹಗ್ಗ ಸಡಿಲ ಬಿಟ್ಟು ಕಟ್ಟುವುದು ಅಲ್ಲಿಯ ಹಳಬರ ಪದ್ಧತಿ. ಕೈ ರೂಢಿಯ ಮೇಲೆ ಅವಳು ಅತ್ತ ತಿರುಗಿಸಿದಳು. ಕಾಲುವೆಯ ಬಾಯಲ್ಲಿ ದೋಣಿ ಗಕ್ಕನೆ ನಿಂತಿತು. ಮೈದುನ ಹುಟ್ಟಿನಿಂದ ಚುಚ್ಚಿ ನೋಡಿದ. ಅಡಿಯಲ್ಲಿ ಮಣ್ಣಿನ ದಿಬ್ಬ.

"ಇದು ನೀವು ಹಾಕಿದ ಮಣ್ಣಲ್ವಾ ಅತ್ತಿಗೆ?"

"ಹೌದು. ಒಳ್ಳೆ ಗಟ್ಟಿಯಾಗೇ ಹಾಕಿದೀನಿ. ಇಳಿ, ತಳ್ಳು."

ಸೊಂಟದವರೆಗಿನ ಕಪ್ಪು ಕೊಳಚೆಯಲ್ಲಿ ಇಳಿದು, ಬೈದುಕೊಂಡು, ಜಾರಿ ಬಿದ್ದು, ಕಡೆಗೂ ದೋಣಿಯನ್ನು ದಿಬ್ಬ ದಾಟಿಸಿದರು. ಕಟ್ಟಿ ಮುಗಿಸುವಷ್ಟರಲ್ಲಿ ಗಾಳಿ ಬಂದೇಬಿಟ್ಟಿತು. ವಾಪಸು ಹೋಗುವ ದಾರಿ ಇರಲಿಲ್ಲ.

ಹಗಲೇ ಕತ್ತಲಾಗಿ ಕಡಲು ಎದ್ದು ನಿಂತಿತು. ಮಾಳಿಗೆ ಎತ್ತರದ ಅಲೆ ನೇರ ಅವರತ್ತಲೇ ಬಂತು. ಅವಳು ಮೈದುನನ ರಟ್ಟೆ ಹಿಡಿದು ಕಣ್ಣು ಮುಚ್ಚಿದಳು. ಹೊಡೆತ ಬೀಳಲಿಲ್ಲ. ಕಣ್ಣು ಬಿಟ್ಟರೆ, ಆ ಅಲೆ ಮರಗಳ ನಡುವೆ ಹೊಕ್ಕು, ಬೇರು ಬೇರಿಗೂ ಸಿಕ್ಕಿ ಹರಿದು ಚಿಂದಿಯಾಗಿ, ದೋಣಿಯ ಬಳಿ ಬರುವಾಗ ಬರೀ ಏರುವ ನೀರಾಗಿತ್ತು. ಮಲಗಿದ ಮಗುವನ್ನು ಎತ್ತುವಂತೆ ಅದು ದೋಣಿಯನ್ನು ಮೆಲ್ಲನೆ ಎತ್ತಿತು. ಹಗ್ಗ ಜಗ್ಗಿತು, ಬೇರು ಬಾಗಿತು, ಮತ್ತೆ ನೆಟ್ಟಗಾಯಿತು. ನೆತ್ತಿಯ ಮೇಲೆ ಗಾಳಿ ಊಳಿಡುತ್ತಿದ್ದರೂ ಕೆಳಗೆ ಮಾತು ಕೇಳಿಸುತ್ತಿತ್ತು. ಏಡಿಗಳು ಸಾಲುಗಟ್ಟಿ ಕಾಂಡ ಹತ್ತಿದವು. ನೀರುಹಾವೊಂದು ದೋಣಿಯ ಅಂಚಿಗೆ ಬಂದು ಸುತ್ತಿಕೊಂಡಿತು. ಅದನ್ನು ಓಡಿಸಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಬಣ್ಣದ ನೀರು ಕುಡಿದು ಅರ್ಧ ಎಲೆ ಉದುರಿಸಿಕೊಂಡಿದ್ದ ಮರಗಳು ಅವು.

"ಇವಕ್ಕೆ ಎಷ್ಟು ವಿಷ ಕುಡಿಸಿದೀವಿ ಅತ್ತಿಗೆ," ಎಂದ ಮೈದುನ.

"ಸುಮ್ನಿರು. ನೋಡು."

ನೀರಿಳಿದ ಮೇಲೆ ನೋಡಿದರೆ, ಕಟ್ಟೆಗೆ ಬಿಗಿದಿದ್ದ ದೋಣಿಗಳು ಸೌದೆಯಾಗಿದ್ದವು. ಜೌಗು ಮುಚ್ಚಿದ ಕಡೆ ಅಲೆಗೆ ಅಡ್ಡ ಬರುವವರೇ ಇರಲಿಲ್ಲ. ಅದು ಊರ ಬೀದಿಗೆ ನುಗ್ಗಿ ಗೋಡೆಗಳನ್ನು ಹೊತ್ತೊಯ್ದಿತ್ತು.

ಚಿಪ್ಪಕ್ಕ ಮನೆಗೆ ಹೋಗಿ ಗುದ್ದಲಿ ತಂದು ಕಾಲುವೆಯ ಬಾಯಲ್ಲಿ ಇಳಿದಳು. ಕಂಟ್ರಾಕ್ಟರನ ಮೇಸ್ತ್ರಿ ದಡದಲ್ಲಿ ನಿಂತು ನಕ್ಕ.

"ಏನಮ್ಮಾ, ಹಾಕಿದ್ದನ್ನೇ ತೆಗೀತೀಯಾ?"

"ಹಾಕೋಕೆ ಬಂದ ಕೈಗೆ ತೆಗೆಯೋಕೆ ಬರಲ್ವಾ?"

ಉಳಿದ ಜೌಗನ್ನೂ ಮುಚ್ಚಲು ಮಣ್ಣು ತುಂಬಿದ ಲಾರಿಗಳು ರಸ್ತೆಯಲ್ಲಿ ಬಂದು ನಿಂತಿವೆ. ಅವಳು ಅಗೆಯುತ್ತಿದ್ದಾಳೆ, ಮೈದುನ ಮಣ್ಣು ಎತ್ತಿ ಎಸೆಯುತ್ತಿದ್ದಾನೆ. ಇಬ್ಬರಿಂದ ಆಗುವ ಕೆಲಸವಲ್ಲ ಇದು. ಓದಿ ಅಯ್ಯೋ ಪಾಪ ಎಂದು ಪುಟ ಮಡಚಬೇಡಿ. ನಿಮ್ಮೂರಿನಲ್ಲೂ ನೀರಿಗೆ ಸುರಿಯಲು ಮಣ್ಣು ಹೊತ್ತ ಲಾರಿ ಓಡಾಡುತ್ತಿದೆ. ಎದ್ದು ಹೋಗಿ ಅದರ ಮುಂದೆ ನಿಲ್ಲಿ.