ಧೂಳು ತಾಗದ ಯಂತ್ರ

ಗೆಳೆಯರೇ, ನನ್ನ ಮಗಳಿಗೆ ಅಸ್ತಮಾ. ಆ್ಯಪ್‌ನಲ್ಲಿ ಹುಬ್ಬಳ್ಳಿಯ ಗಾಳಿ ಶುದ್ಧವೆಂದು ಹಸಿರು ಚುಕ್ಕೆ ಕಂಡರೆ ಮಾತ್ರ ಅವಳನ್ನು ಆಟಕ್ಕೆ ಬಿಡುತ್ತೇನೆ. ಇಂದೂ ಹಸಿರಿತ್ತು, ಬಿಟ್ಟೆ. ಏದುಸಿರು ಬಿಡುತ್ತಾ ಓಡಿಬಂದಳು. ತಕ್ಷಣ ಇನ್ಹೇಲರ್ ಕೊಟ್ಟೆ.

ಅವಳು ಸುಧಾರಿಸಿಕೊಂಡ ಮೇಲೆ ಪಕ್ಕದ ಕಚೇರಿಯ ಮಾಳಿಗೆ ಹತ್ತಿದೆ. ಗಾಳಿ ಅಳೆದು ಆ ಆ್ಯಪ್‌ಗೆ ಅಂಕಿ ಕಳಿಸುವ ಯಂತ್ರ ಇರುವುದು ಅಲ್ಲೇ. ಅದಕ್ಕೆ ಪ್ಲಾಸ್ಟಿಕ್ ಚೀಲ ಹೊದಿಸಿ, ಹಗ್ಗ ಬಿಗಿದಿದ್ದರು!

“ಯಾಕ್ರಿ ಕಾಕಾ, ಇದನ್ನ ಮುಚ್ಚೀರಿ?” ಎಂದು ಕಾವಲುಗಾರರನ್ನು ಕೇಳಿದೆ.

“ರಸ್ತಾ ಅಗದಾರ್ರಿ ಅಕ್ಕಾರ, ಎಷ್ಟ ಧೂಳ ನೋಡ್ರಿ! ಒಳಗ ಹೊಕ್ಕು ಮಷೀನ್ ಕೆಟ್ಟರ ಯಾರ್ ಹೊಣಿ?”

ಚೀಲ ತೆಗೆಸಿ ಬಂದೆ. ಆದರೆ ಈಗ ರಾಜ್ಯದ ನಕ್ಷೆಯಲ್ಲಿ ಎಲ್ಲಿ ಹಸಿರು ಚುಕ್ಕೆ ಕಂಡರೂ ಹೆದರಿಕೆಯಾಗುತ್ತಿದೆ. ಅಲ್ಲಿಯೂ ಇಂಥ ಜೋಪಾನದ ಕಾಕಾ ಒಬ್ಬರಿದ್ದರೆ?